ರೌಫನ ಕಾರಿನ ನಂಬರು

"ಬರ್ಕೋ ತಂಗಿ. ಕೆಎ ಹದಿನೇಳು. ನಾಲ್ಕು, ಎರಡು ಆರು, ಒಂದು."

ಹರಿಹರ ಠಾಣೆಯ ದಫೇದಾರ ಕೊಟ್ಟೂರೇಶ್ ಫೋನಿನಲ್ಲಿ ಕೂಗುತ್ತಿದ್ದ. ಹಿಂದೆ ಲಾರಿಗಳ ಹಾರ್ನು. ವಿಮಾ ಕಚೇರಿಯ ಚೈತ್ರಾ ಚೀಟಿಯ ಮೇಲೆ ದುಂಡಗೆ 4261 ಎಂದು ಬರೆದುಕೊಂಡು, ಒಂದೊಂದೇ ಗುಂಡಿ ನೋಡಿ ಒತ್ತಿದಳು. ಆ ಗಾಡಿಗೆ ವಿಮೆಯೇ ಇಲ್ಲ ಎಂದಿತು ಕಂಪ್ಯೂಟರ್.

"ಇಲ್ಲ ಸರ್."

"ಸರಿಯಾಗಿ ನೋಡವ್ವ. ಸೈಕಲ್‌ನವನ ಕಾಲು ಮುರಿದೈತೆ. ಭಾನುವಳ್ಳಿ ರೌಫನ ಅಂಬಾಸಿಡರ್. ಅವನ ಹತ್ರ ಕವರ್ ನೋಟ್ ಐತೆ. ಏಜೆಂಟ್ ಮಲ್ಲೇಶಪ್ಪ ಅಂತ ಸಹಿನೂ ಐತೆ."

ಚೈತ್ರಾಳ ಬೆರಳು ಗುಂಡಿಯ ಮೇಲೇ ನಿಂತಿತು. ಮಲ್ಲೇಶಪ್ಪ ಅವಳ ಅಪ್ಪ.

ಮತ್ತೆ ಒತ್ತಿದಳು. ಇಲ್ಲ. ಮೂರನೆಯ ಸಲವೂ ಇಲ್ಲ.

ದಾವಣಗೆರೆಯ ಆ ವಿಮಾ ಕಚೇರಿಗೆ ಕಂಪ್ಯೂಟರ್ ಬಂದು ಒಂದು ವರ್ಷವೂ ಆಗಿರಲಿಲ್ಲ. ಹಣ ಕಟ್ಟಿಸಿಕೊಂಡ ಏಜೆಂಟರು ಪಾಲಿಸಿ ಬರುವವರೆಗೆ ಕೈಯಲ್ಲಿ ಬರೆದುಕೊಡುವ ಕವರ್ ನೋಟುಗಳಲ್ಲಿ ಖೋಟಾ ಹೆಚ್ಚಾಗಿದೆಯೆಂದು ತೊಂಬತ್ತೆಂಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಇನ್ನು ಪೊಲೀಸರು ಕಾಗದ ನೋಡಿ ಬಿಡುವಂತಿಲ್ಲ. ಫೋನ್ ಮಾಡಿ ಕಂಪ್ಯೂಟರನ್ನೇ ಕೇಳಬೇಕು. ಅದು ಹುಡುಕುವುದು ಗಾಡಿಯ ನಂಬರಿನಿಂದ ಮಾತ್ರ. ಆ ಫೋನ್ ಎತ್ತುವ ಕೆಲಸ ಚೈತ್ರಾಳದು.

ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಅಪ್ಪನೇ ಅವಳನ್ನು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದ. ಆರು ತಿಂಗಳ ಫೀಸು ಎಲ್ಲಿಂದ ಬಂತೆಂದು ಅವಳು ಕೇಳಿರಲಿಲ್ಲ. ಈಗ ಉತ್ತರ ತಾನಾಗಿಯೇ ಹೊಳೆಯಿತು. ಹೀಗೆ ಗಿರಾಕಿಗಳ ದುಡ್ಡು ನುಂಗಿಯೇ ಕಟ್ಟಿರಬೇಕು.

"ತಂದೆ ಏಜೆಂಟ್, ಮಗಳು ಕಂಪ್ಯೂಟರ್," ಪಕ್ಕದ ಮೇಜಿನ ನಿರ್ಮಲಮ್ಮ ಯಾರಿಗೋ ಹೇಳುವಂತೆ ಹೇಳಿದರು. "ಎಂಥಾ ಅನುಕೂಲ ನೋಡ್ರಿ!"

ಮ್ಯಾನೇಜರ್ ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನದ ಹೊತ್ತಿಗೆ ಮಲ್ಲೇಶಪ್ಪ ಬಂದ. ಬಸ್ಸಿಳಿದವನು ನೀರನ್ನೂ ಕುಡಿದಿರಲಿಲ್ಲ. ಮ್ಯಾನೇಜರ್ ವಾಮದೇವಪ್ಪ ಅವನಿಗೆ ಕೂಡ್ರಿ ಎನ್ನಲಿಲ್ಲ.

"ಏನ್ರಿ ಮಲ್ಲೇಶಪ್ಪ, ರೌಫನ ದುಡ್ಡು ಎಲ್ಲಿ ಹೋತು?"

"ಕಟ್ಟೀನಲ್ರಿ ಸಾಹೇಬ್ರೇ. ಇದೇ ಕೌಂಟರ್‌ನಾಗೆ. ಯುಗಾದಿ ಹಿಂದಿನ ದಿನ. ರಶೀದಿ ಮನ್ಯಾಗೈತೆ, ಹುಡುಕಿ ತರ್ತೀನಿ."

"ರಶೀದಿ ಯಾರು ಬೇಕಾದ್ರೂ ಬರೀತಾರೆ. ಕಂಪ್ಯೂಟರ್‌ನಾಗೆ ಯಾಕಿಲ್ಲ? ನಂಬರ್ ಏನು ಹೇಳ್ರಿ."

"ನಂಬರ್ ನೆನಪಿಲ್ರಿ. ಕಾರ್ ನೆನಪೈತೆ, ಬಿಳೀದು." ಮಲ್ಲೇಶಪ್ಪ ಹಣೆ ಒರೆಸಿಕೊಂಡ. "ನಂಬರ್‌ನಾಗೆ ಒಂದು ಜೋಡಿ ಬಂದೈತೆ, ಅದೃಷ್ಟ ಅಂತ ಅವತ್ತು ರೌಫ್ ನಂಗೆ ಮಂಡಕ್ಕಿ ಮಿರ್ಚಿ ಕೊಡಿಸಿದ್ದ."

ಚೈತ್ರಾ ಚೀಟಿಯತ್ತ ಕಣ್ಣು ಹಾಯಿಸಿದಳು. ನಾಲ್ಕು. ಎರಡು. ಆರು. ಒಂದು. ಯಾವ ಜೋಡಿಯೂ ಇರಲಿಲ್ಲ. ಅಪ್ಪ ಸುಳ್ಳು ಹೇಳುತ್ತಿದ್ದಾನೆ. ನಂಬಲಿ ಎಂದು ಮಂಡಕ್ಕಿಯನ್ನೂ ಸೇರಿಸುತ್ತಿದ್ದಾನೆ.

"ಚೈತ್ರವ್ವ, ನೀನಾದ್ರೂ ಹೇಳು. ನಾನು ಅಂಥಾವ್ನಾ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಇಷ್ಟು ಜನ ಒಟ್ಟಿಗೆ ಅವಳನ್ನು ಎಂದೂ ನೋಡಿರಲಿಲ್ಲ.

"ಕಂಪ್ಯೂಟರ್ ಸುಳ್ಳು ಹೇಳಲ್ಲಪ್ಪ," ಎಂದಳು.

ವಾಮದೇವಪ್ಪ ಕುರ್ಚಿಗೆ ಒರಗಿದರು. "ಇಪ್ಪತ್ತು ವರ್ಷದ ಏಜೆಂಟ್ರು ಅಂತ ಹೇಳ್ತೀನಿ. ತಪ್ಪಾತು ಅಂತ ಬರ್ಕೊಟ್ರೆ ಲೈಸೆನ್ಸ್ ಅಷ್ಟೇ ಹೋಗ್ತೈತೆ. ಇಲ್ಲಾಂದ್ರೆ ನಿಮ್ಮ ಮ್ಯಾಲೂ ಪೊಲೀಸ್ ಕೇಸು."

"ಮಾಡದ್ದನ್ನ ಹೆಂಗ್ರಿ ಬರ್ಕೊಡ್ಲಿ?"

"ಒಪ್ಕೊಂಡುಬಿಡಪ್ಪ." ಚೈತ್ರಾ ತಲೆ ಎತ್ತಲಿಲ್ಲ. "ಎಲ್ರೂ ನೋಡ್ತಾ ಅದಾರೆ."

ಮಲ್ಲೇಶಪ್ಪ ಮಗಳ ಬೈತಲೆಯನ್ನೇ ನೋಡಿದ. "ಆತು. ಬರ್ಕೊಳ್ರಿ."

ವಾಮದೇವಪ್ಪ ಹೇಳುತ್ತಾ ಹೋದರು, ಚೈತ್ರಾ ಬರೆದಳು. ಕಾರಿನ ನಂಬರು ಬರೆಯಬೇಕಾದಲ್ಲಿ ಚೀಟಿ ನೋಡಿ ಬರೆದಳು. ಕಾಗದವನ್ನು ಅಪ್ಪನ ಮುಂದಿಟ್ಟಾಗ ಅವನು ಜೇಬಿನಿಂದ ಕನ್ನಡಕ ತೆಗೆದ. ತೆಗೆದವನು ಹಾಗೇ ಒಳಗಿಟ್ಟ.

"ನನ್ನ ಮಗಳು ಬರ್ದದ್ದು. ಓದೋದೇನೈತೆ?"

ಸಹಿ ಹಾಕಿದ. ಲೈಸೆನ್ಸನ್ನು ಕಾಗದದ ಪಕ್ಕದಲ್ಲಿಟ್ಟು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಚೈತ್ರಾ ಬಾಗಿಲವರೆಗೂ ಹೋಗಲಿಲ್ಲ. ಅವನ ಜೊತೆ ನಿಂತದ್ದನ್ನು ಯಾರೂ ನೋಡಬಾರದಿತ್ತು.

ಫೋನ್ ಹೊಡೆದುಕೊಂಡಿತು. ಮತ್ತೆ ದಫೇದಾರ ಕೊಟ್ಟೂರೇಶ್.

"ಎಫ್‌ಐಆರ್ ಬರೀತಾ ಇದೀನಿ ತಂಗಿ, ಒಂದ್ಸಲ ತಾಳೆ ನೋಡಾಣ. ನೀನು ಯಾವ ನಂಬರ್ ಹಾಕಿದ್ದು, ಓದು."

"ನಾಲ್ಕು ಸಾವಿರದ ಇನ್ನೂರ ಅರವತ್ತೊಂದು ಸರ್."

ಆ ಕಡೆ ದಫೇದಾರ ನಕ್ಕ.

"ಇನ್ನೂರು ಎಲ್ಲಿಂದ ಬಂತವ್ವ? ಎರಡು ಆರು ಅಂದೆನಲ್ಲ. ಆರು, ಆರು. ಜೋಡಿ ಆರು."

ಅವಳು 4661 ಒತ್ತಿದಳು. ಪರದೆ ಕೂಡಲೇ ತುಂಬಿತು: ರೌಫ್, ಭಾನುವಳ್ಳಿ. ಅಂಬಾಸಿಡರ್. ಹಣ ಕಟ್ಟಿದ ದಿನ ಯುಗಾದಿಯ ಹಿಂದಿನ ದಿನ. ಏಜೆಂಟ್ ಮಲ್ಲೇಶಪ್ಪ.

ಅಪ್ಪ ಓದದೆ ಸಹಿ ಹಾಕಿದ ಕಾಗದ ಮೇಜಿನ ಮೇಲೇ ಇತ್ತು. ರೌಫ್ ಎಂದೂ ಓಡಿಸದ ಕಾರಿನ ನಂಬರು ಅದರಲ್ಲಿ ಅವಳದೇ ದುಂಡಕ್ಷರದಲ್ಲಿತ್ತು.