ಹಾಲುಕ್ಕಿಸಿ ಬೀಗ ಹಾಕಿದ ಮನೆ

"ಇಂಚರಾ ಎಲ್ಲಿ?" ಕೂಸನ್ನೆತ್ತಿಕೊಂಡು ಕಾರಿನಿಂದ ಇಳಿಯುತ್ತಲೇ ತನುಜಾ ಗಂಡನನ್ನು ಕೇಳಿದಳು.

ಜ್ಞಾನೇಶ್ ಭದ್ರಾವತಿಯ ಜನ್ನಾಪುರದ ಹಳೇ ಮನೆಯ ಬಾಗಿಲಲ್ಲಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಸಾಮಾನಿನ ಲಾರಿ ಇನ್ನೇನು ಬರುವುದರಲ್ಲಿತ್ತು. ತಲೆ ಎತ್ತದೆಯೇ, "ನಿಮ್ ಜೊತೆ ಕಾರಲ್ಲಿ ಬರ್ಲಿಲ್ವಾ?" ಎಂದ.

"ನಿಮ್ ಬೈಕಲ್ಲಿ ಬಂದ್ಲು ಅಂದ್ಕೊಂಡಿದ್ವಲ್ರೀ."

ಅಷ್ಟು ಹೊತ್ತಿಗೆ ಕಾರಿನ ಇನ್ನೊಂದು ಬಾಗಿಲಿಂದ ಇಳಿದ ಅತ್ತೆ ಸುಭದ್ರಮ್ಮ ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ನಾಲ್ಕು ವರ್ಷದ ಹುಡುಗಿ ಬೈಕಲ್ಲೂ ಇಲ್ಲ, ಕಾರಲ್ಲೂ ಇಲ್ಲ ಅಂದರೆ ಇನ್ನೆಲ್ಲಿರಬೇಕು? ಶಿವಮೊಗ್ಗದಲ್ಲಿ, ವಿನೋಬನಗರದ ಹೊಸ ಬಾಡಿಗೆ ಮನೆಯಲ್ಲಿ. ಬೆಳಕು ಹರಿಯುವ ಮೊದಲೇ ಎಲ್ಲರೂ ಹೋಗಿ ಹಾಲುಕ್ಕಿಸಿದ್ದರು. ನಿದ್ದೆಗೆಟ್ಟ ಮಗು ಎರಡು ಚಮಚ ಪಾಯಸ ತಿಂದು ಹಿಂದಿನ ರೂಮಿನ ಚಾಪೆ ಮೇಲೆ ಮಲಗಿತ್ತು. ಅದನ್ನು ಅಲ್ಲೇ ಬಿಟ್ಟು, ಹೊರಗಿನಿಂದ ಬೀಗ ಜಡಿದು, ಬುದ್ಧಿವಂತರೆಲ್ಲ ಸಾಮಾನು ತುಂಬಲು ಭದ್ರಾವತಿಗೆ ವಾಪಸಾಗಿದ್ದರು. ಬೀಗವೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆ ಮನೆಯ ನಡುಮನೆಯಲ್ಲಿ, ನೆಲದ ಮೇಲೆ, ದೀಪ ಉರಿಯುತ್ತಿತ್ತು.

ಅದು ಸುಭದ್ರಮ್ಮನವರ ಕಟ್ಟಳೆ. ಹಾಲುಕ್ಕಿಸಿದ ಮನೆಗೆ ಸಾಮಾನು ಬಂದು ಸೇರುವ ತನಕ ದೀಪ ಆರಕೂಡದು, ಆರಿದರೆ ಆ ಮನೆ ನಮಗೆ ಆಗಿಬರುವುದಿಲ್ಲ ಎಂದು ಮಗನಿಗೆ, ಸೊಸೆಗೆ, ಕೊನೆಗೆ ಮೊಮ್ಮಗಳಿಗೂ ಹತ್ತು ಸಲ ಹೇಳಿದ್ದರು. ಗಾಳಿ ಬೀಸೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ದೀಪಕ್ಕೆ ತುಳುಕುವಷ್ಟು ಎಣ್ಣೆ ಸುರಿದಿದ್ದರು. ಹೊರಟಾಗ ಬೆಡ್‌ಶೀಟ್ ಒಳಗೇ ಉಳಿಯಿತು ಅಂತ ತನುಜಾ ತಿರುಗಿದ್ದಳು. ದೀಪ ಹಚ್ಚಿ ಹೊಸ್ತಿಲು ದಾಟಿದ ಮೇಲೆ ಬರಿಗೈಲಿ ಒಳಗೆ ಹೋಗಬಾರದಮ್ಮ ಎಂದು ಅತ್ತೆ ತಡೆದರು. ಇವಳೂ ಎಂಥವಳು ಮಾರಾಯ್ತಿ, ಒಂದು ಮಾತು ಎದುರಾಡದೆ ಬಂದು ಕಾರಲ್ಲಿ ಕೂತಳು.

ಬಾಡಿಗೆ ಕಾರು ಜ್ಞಾನೇಶನನ್ನೂ ಹತ್ತಿಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿತು. ದೇವರನ್ನು ನೆನೆಯೋಣವೆಂದರೆ ತನುಜಾಗೆ ನೆನಪಾಗುತ್ತಿದ್ದದ್ದು ಮಗಳ ಫ್ರಾಕು. ಹಾಲುಕ್ಕಿಸುವುದಕ್ಕೆಂದೇ ಗಾಂಧಿ ಬಜಾರಿನಲ್ಲಿ ಕೊಂಡಿದ್ದು, ಮೊಣಕಾಲಿಂದ ಕೆಳಗೆ ಗೋಪುರದ ಹಾಗೆ ಉಬ್ಬಿ ನಿಲ್ಲುವ ಹೊಳಪಿನ ನೆಟ್ ಬಟ್ಟೆ. ಒಂದು ಕಿಡಿ ತಾಗಿದರೆ ಸಾಕು. ಮಡಿಲಲ್ಲಿ ಕೂಸು ಹಸಿದು ಅಳುತ್ತಿತ್ತು, ಅದಕ್ಕೆ ಹಾಲು ಕೊಡಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ. ಅತ್ತೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಆ ಸಿಟ್ಟನ್ನೂ ಭಯ ನುಂಗಿಹಾಕಿತು.

ಅಕ್ಕಪಕ್ಕದವರಿಗೆ ಫೋನ್ ಮಾಡೋಣವೆಂದರೆ ಹೊಸ ಬೀದಿಯಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಮನೆ ಮಾಲೀಕರಾದ ನರಸಿಂಹಮೂರ್ತಿ ಯಾರದೋ ಮದುವೆಗೆಂದು ಆಯನೂರಿಗೆ ಹೋಗಿದ್ದರು, ಬೀಗದ ಕೈ ಎರಡನ್ನೂ ಜ್ಞಾನೇಶನ ಕೈಗೇ ಕೊಟ್ಟಿದ್ದರು. ಜ್ಞಾನೇಶ್ ಫೋನ್ ಮಾಡಿದಾಗ, ಪಕ್ಕದ ಮನೆಯವರಿಗೆ ಹೇಳಿ ನೋಡಿಸುತ್ತೇನೆ ಎಂದು ಇಟ್ಟರು. ಕಾರು ಮಲವಗೊಪ್ಪ ದಾಟುವಾಗ ಅವರೇ ಮತ್ತೆ ಮಾಡಿದರು. ಪಕ್ಕದವರು ಬಾಗಿಲು ಬಡಿದರಂತೆ, ಕಿಟಕಿ ಬಡಿದರಂತೆ, ಎಷ್ಟು ಕೂಗಿದರೂ ಒಳಗಿಂದ ಸದ್ದೇ ಇಲ್ಲವಂತೆ. ಮಗು ಒಳಗೇ ಇದೆ ಅನ್ನೋದು ಖಾತ್ರೀನಾ, ನೀವು ಹೊರಡೋ ಗಡಿಬಿಡೀಲಿ ರೋಡಿಗೆ ಗೀಡಿಗೆ ಹೋಗಿರಬಹುದಾ ಎಂದು ಕೇಳಿದರು.

"ಬೀಗ ಒಡೆಸ್ಲೇನ್ರೀ?" ಎಂದರು ನರಸಿಂಹಮೂರ್ತಿ.

ಜ್ಞಾನೇಶ್ ಅಮ್ಮನ ಮುಖ ನೋಡಿದ. ಹಾಲುಕ್ಕಿಸಿದ ದಿನವೇ ಬಾಗಿಲು ಒಡೆಯುವುದೆಂದರೆ ಅವರು ಏನನ್ನುತ್ತಾರೋ! ಇಂಥ ಹೊತ್ತಲ್ಲೂ ಅಮ್ಮನ ಮುಖ ನೋಡುವ ಗಂಡಸು ಅವನು. ಸುಭದ್ರಮ್ಮ ಬಾಯಿ ತೆರೆಯುವ ಮೊದಲೇ ತನುಜಾ ಫೋನ್ ಕಿತ್ತುಕೊಂಡಳು.

"ಒಡೆಸಿ ಸಾರ್. ಬಾಗಿಲೇ ಮುರಿದ್ರೂ ಪರವಾಗಿಲ್ಲ, ಮೊದ್ಲು ಒಳಗೆ ಹೋಗೋಕೆ ಹೇಳಿ."

ಕಾರು ಬೀದಿಗೆ ತಿರುಗಿದಾಗ ಮನೆ ಮುಂದೆ ಜನ ಸೇರಿದ್ದರು. ಯಾರೋ ಒಬ್ಬರು ಸುತ್ತಿಗೆ ತಂದು ಬೀಗಕ್ಕೆ ಆಗ ತಾನೇ ಮೊದಲ ಏಟು ಹಾಕಿದ್ದರು. ಜ್ಞಾನೇಶ್ ಅವರನ್ನು ಸರಿಸಿ ಬೀಗದ ಕೈ ತೂರಿಸಿದ. ತನುಜಾ ಕೂಸನ್ನು ಅವನ ತೋಳಿಗೆ ತುರುಕಿ, ಬಾಗಿಲು ತಳ್ಳಿಕೊಂಡು ಒಳಗೆ ಓಡಿದಳು.

ಇಂಚರಾ ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎರಡೂ ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಕುಡಿಯ ಸುತ್ತ ಅಡ್ಡ ಹಿಡಿದಿದ್ದಳು. ಫ್ರಾಕಿನ ಅಂಚು ಚೆಲ್ಲಿದ ಎಣ್ಣೆಯಲ್ಲಿ ನೆನೆದು ದೀಪಕ್ಕೆ ಒತ್ತಿಕೊಂಡಿತ್ತು. ತನುಜಾ ಅವಳನ್ನು ಬಾಚಿ ಎತ್ತಿ ಗೋಡೆವರೆಗೆ ಹಿಂದೆ ಸರಿದಳು. ಆಮೇಲೆ ಜೋರಾಗಿ ಅಳತೊಡಗಿದಳು. ಮಗಳ ಬೆರಳುಗಳ ತುದಿ ಕೆಂಪಗಾಗಿ ಬೊಬ್ಬೆ ಬಂದಿದ್ದವು.

ಅಷ್ಟು ಜನ ಕೂಗಿದರೂ ಯಾಕೆ ಓ ಅನ್ನಲಿಲ್ಲ ಪುಟ್ಟಾ ಎಂದು ಜ್ಞಾನೇಶ್ ಕೇಳಿದ. ಇಂಚರಾ ಅಪ್ಪನ ಕಡೆ ನೋಡಲಿಲ್ಲ. ಅಮ್ಮನ ಹೆಗಲ ಮೇಲಿಂದ ಅಜ್ಜಿಯನ್ನು ನೋಡಿದಳು.

"ಮಾತಾಡಿದ್ರೆ ಉಸಿರು ತಾಗಿ ಆರೋಗುತ್ತಲ್ಲ ಅಜ್ಜಿ," ಎಂದು ಪಿಸುಗುಟ್ಟಿದಳು. "ನಾನು ಆರೋಕೆ ಬಿಡ್ಲೇ ಇಲ್ಲ."

ಸುಭದ್ರಮ್ಮ ಮೊಣಕಾಲೂರಿ ಕೂತರು. ಸೆರಗು ಹಿಂದಕ್ಕೆ ಸರಿಸಿಕೊಂಡು, ಬಗ್ಗಿ, ಬಾಯಿಂದ ಊದಿ ದೀಪ ಆರಿಸಿದರು.