ಪಾಲುದಾರನ ಅಂಜಿಕೆ

ಹುಬ್ಬಳ್ಳಿಯ ಬಿಲ್ಡರುಗಳೆಲ್ಲ ಸಂಜೆ ಒಬ್ಬರ ಮನಸ್ಸಿನದನ್ನು ಇನ್ನೊಬ್ಬರಿಗೆ ದಾಟಿಸುವ ಪಟ್ಟಿಯನ್ನು ಕೈಗೆ ಬಿಗಿದುಕೊಂಡು ಪಾಲುದಾರರೊಡನೆ ಚಿಂತೆಯನ್ನು ಅರ್ಧ ಅರ್ಧ ಹಂಚಿಕೊಳ್ಳುತ್ತಿದ್ದರು. ಗಿರಿಜಾ ಪಟ್ಟಣಶೆಟ್ಟಿಯೂ ಅವಳ ಪಾಲುದಾರ ವಿಲಾಸನೂ ಹಾಗೆಯೇ ಎಷ್ಟೋ ಕಟ್ಟಡ ಮುಗಿಸಿದ್ದರು.

ಈಚೆಗೆ ವಿಲಾಸ ಹಾಯಾಗಿದ್ದ. ಗಿರಿಜಾಳ ಎದೆ ಮಾತ್ರ ತಾವು ಕಟ್ಟಿಸುತ್ತಿದ್ದ ಹೊಸ ಕಟ್ಟಡದ ಮೂಲೆಯ ಕಂಬ ಕಂಡರೆ ಸಾಕು, ನಡುಗುತ್ತಿತ್ತು. ಏಕೆಂದು ತಿಳಿಯದೆ ಒಂದು ಬೆಳಿಗ್ಗೆ ಅದನ್ನು ಕೆತ್ತಿಸಿ ನೋಡಿದಳು. ಒಳಗೆ ಇರಬೇಕಾದಷ್ಟು ಕಬ್ಬಿಣವೇ ಇರಲಿಲ್ಲ; ಆ ಕಂಬ ನಿಂತು ಹಾಕಿಸಿದವನು ವಿಲಾಸ.

ಕೆಲಸದವರನ್ನೆಲ್ಲ ಹೊರಗೆ ಕಳಿಸಿ ಅವಳು ವಿಲಾಸನನ್ನು ಕೇಳಿದಳು: "ಅರ್ಧ ಅಂತ ಹೇಳಿ ಪೂರ್ತಿ ಅಂಜಿಕಿ ನನಗ ದಾಟಿಸಿದಿ. ಕಾರಣ ಯಾಕ ಮುಚ್ಚಿಟ್ಟಿ?"

"ಹೇಳಿದ್ರ ನೀವು ಕೆಲಸ ನಿಲ್ಲಸ್ತಿದ್ರಿ, ಅಕ್ಕಾರ," ಎಂದ ವಿಲಾಸ.

ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಕಟ್ಟಡ ಕೆಡವಲು ಹೇಳಿ ಹೊರಟ ಗಿರಿಜಾಳಿಗೆ, ಅವನ ಬದಲು ತಾನೇ ತಲೆ ತಗ್ಗಿಸಿ ನಡೆಯುತ್ತಿರುವುದು ಗೊತ್ತಾಯಿತು. ಅವನ ನಾಚಿಕೆಯೂ ಅವಳಿಗೇ ದಾಟಿತ್ತು.