ಮೊದಲ ಕೊಳಗ

"ಲಾಭ, ಎರಡು, ಮೂರು, ನಾಕು..." ಎಂದು ಶಾಲೆಯ ಹುಡುಗಿ ಗುರುಮಲ್ಲಮ್ಮ ಮೇಜಿನ ಮೇಲಿನ ಹುಣಸೆಬೀಜ ಎಣಿಸಲು ಶುರುಮಾಡಿದ್ದೇ ತಡ, ಇನ್‌ಸ್ಪೆಕ್ಟರ ಹುಬ್ಬು ಮೇಲಕ್ಕೆ ಹೋಯಿತು. ನೀಲಕಂಠಸ್ವಾಮಿ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಹಾಳಾದ್ದು, ಇದೊಂದನ್ನು ತಿದ್ದುವುದು ಮರೆತೇಹೋಗಿತ್ತಲ್ಲ!

ಎರಡು ವರ್ಷದ ಹಿಂದೆ, ಐವತ್ತಮೂರರಲ್ಲಿ, ಹರವೆ ಕಡೆಯ ಈ ಹಳ್ಳಿಶಾಲೆಗೆ ಬಂದಿದ್ದ ಇದೇ ಇನ್‌ಸ್ಪೆಕ್ಟರು ತಪಾಸಣೆ ಪುಸ್ತಕದಲ್ಲಿ "೧. ಲೆಕ್ಕ: ಶೂನ್ಯ" ಎಂದು ಬರೆದು ಹೋಗಿದ್ದರು. ಸುಳ್ಳೇನೂ ಅಲ್ಲ. ಮಗ್ಗಿ ಎಂದರೆ ಮಕ್ಕಳಿಗೆ ಆಕಳಿಕೆ, ಮೇಷ್ಟ್ರಿಗೆ ಸಿಟ್ಟು. ಸುಗ್ಗಿ ಬಂತೆಂದರೆ ಅರ್ಧ ಶಾಲೆ ಕಣದಲ್ಲಿ. ಅವರನ್ನು ಎಳೆದು ತರಲು ಹೋದ ದಿನ ಮೇಷ್ಟ್ರು ಕಣ್ಣಾರೆ ಕಂಡರು. ಅಜ್ಜ ನಿಂಗಯ್ಯ ಕೊಳಗದಲ್ಲಿ ರಾಗಿ ಅಳೆದು ಹಾಕುತ್ತಿದ್ದರೆ, ಎಂಟರ ಮಗ್ಗಿ ಬಾರದೆ ಹಿಂದಿನ ದಿನವಷ್ಟೇ ಏಟು ತಿಂದಿದ್ದ ಗುರುಮಲ್ಲಮ್ಮ, ಅಷ್ಟು ಕೊಳಗಕ್ಕೆ ಎಷ್ಟು ಸೇರೆಂದು ಪಟಪಟನೆ ಹೇಳುತ್ತಿದ್ದಳು. ಕೊಳಗಕ್ಕೆ ಎಂಟು ಸೇರು ತಾನೆ! ಮೇಷ್ಟ್ರಿಗೆ ನಾಚಿಕೆಯಾಯಿತು. ಮಾರನೆಯ ದಿನದಿಂದ ಬೆತ್ತ ಅಟ್ಟ ಸೇರಿತು, ಲೆಕ್ಕದ ಪಾಠ ಕಣಕ್ಕೇ ಹೋಯಿತು.

ಆದರೂ ಇವತ್ತು ಅವರ ಕೋಟಿನ ಜೇಬಿನಲ್ಲಿ ರಾಜೀನಾಮೆ ಕಾಗದವಿತ್ತು. ಈ ಸಲವೂ ಶೂನ್ಯ ಬಿದ್ದರೆ ಅದನ್ನು ಕೊಟ್ಟು, ಗುಂಡ್ಲುಪೇಟೆಯ ಸೋದರಮಾವನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದುಕೊಂಡಿರುವುದು ಎಂದು ತೀರ್ಮಾನಿಸಿದ್ದರು.

"ಒಂದು ಎಲ್ಲಿ ಹೋಯಿತಮ್ಮ?" ಎಂದರು ಇನ್‌ಸ್ಪೆಕ್ಟರು.

ಹುಡುಗಿ ಬಾಗಿಲ ಕಡೆ ನೋಡಿದಳು. ಒಗೆದ ರುಮಾಲು ಸುತ್ತಿಕೊಂಡು ಬಂದಿದ್ದ ನಿಂಗಯ್ಯ ಹೊಸಿಲಾಚೆಯಿಂದಲೇ ಕೈಮುಗಿದ. "ರಾಶಿ ಅಳೆಯವಾಗ ಮೊದಲ್ನೇ ಕೊಳಗವ ಲಾಭ ಅನ್ಬೇಕು ಬುದ್ದಿ. ಒಂದು ಅಂದ್ರೆ ಒಂದ್ಕೇ ನಿಂತೋಯ್ತದೆ. ನಮ್ಮಪ್ಪನೂ ಅಂಗೇ ಎಣಿಸ್ತಿದ್ದ."

ಇನ್‌ಸ್ಪೆಕ್ಟರು ನಗಲೂ ಇಲ್ಲ, ಗದರಲೂ ಇಲ್ಲ. ಹದಿನೇಳು ಕೊಳಗ ಐದು ಸೇರು ರಾಗಿಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚು ಎಂದು ಹೇಳಿ, ತಾವೂ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಬಗ್ಗಿದರು. ಗುರುಮಲ್ಲಮ್ಮ ಸ್ಲೇಟು ಮುಟ್ಟಲಿಲ್ಲ. ರಾಶಿ ಎದುರಿಗೇ ಇದೆಯೇನೋ ಎಂಬಂತೆ ಕಣ್ಣುಮುಚ್ಚಿ ನಿಂತಳು.

"ತಲೆಗೆ ಐದ್ಕೊಳಗ ಕೊಟ್ಬುಟ್ರೆ ಎರಡು ಕೊಳಗ ಉಳೀತವೆ. ಅವ್ಕೆ ಹದಿನಾರು ಸೇರು, ಐದು ಸೇರುದ್ರೆ ಇಪ್ಪತ್ತೊಂದು. ಒಬ್ಬೊಬ್ರಿಗೂ ಐದ್ಕೊಳಗ ಏಳು ಸೇರು, ಸಾ."

ಇನ್‌ಸ್ಪೆಕ್ಟರ ಪೆನ್ಸಿಲ್ ಇನ್ನೂ ಹದಿನೇಳನ್ನು ಎಂಟರಿಂದ ಗುಣಿಸುತ್ತಿತ್ತು. ಅವರು ಲೆಕ್ಕ ಮುಗಿಸಿ, ಇನ್ನೊಮ್ಮೆ ತಾಳೆ ನೋಡಿ, ಪೆನ್ಸಿಲ್ ಕೆಳಗಿಟ್ಟರು. ಮೇಷ್ಟ್ರ ಕಣ್ಣು ತುಂಬಿಬಂತು. ಸ್ವಂತ ಮಗಳು ಮೈಸೂರಿನಲ್ಲಿ ಪದಕ ಗೆದ್ದಿದ್ದರೂ ಅವರಿಗೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಇನ್‌ಸ್ಪೆಕ್ಟರು ತಪಾಸಣೆ ಪುಸ್ತಕದಲ್ಲಿ ಏನೋ ಗೀಚಿ, ಎಳನೀರು ಕುಡಿದು, ಗಾಡಿ ಹತ್ತಿ ಹೊರಟೇಬಿಟ್ಟರು. ಒಂದು ಮಾತಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ಮೇಷ್ಟ್ರು ಪುಸ್ತಕ ತೆರೆದರು. ಕಣ್ಣು ಮೊದಲು ಕೆಳಗಿನ ಸಾಲಿಗೆ ಬಿತ್ತು: "೩. ಬಾವಿಗೆ ಕಟ್ಟೆ ಬೇಕು." ಅದರ ಮೇಲೆ, "೨. ಹೆಂಚು ಒಡೆದಿವೆ." ಒಂದನೆಯದು ಕಾಣಲಿಲ್ಲ. ಅವರ ಕೈ ಜೇಬಿನ ಕಾಗದ ಮುಟ್ಟಿತು. ಆಮೇಲೆ ಕಣ್ಣು ಇನ್ನೂ ಮೇಲಕ್ಕೆ ಹೋಯಿತು. ಜೇಬಿಗೆ ಹೋದ ಕೈ ಬರಿಗೈಯಾಗಿಯೇ ವಾಪಸು ಬಂತು.

"ಏನು ಬರ್ದವ್ರೆ ಮೇಷ್ಟ್ರೇ?" ಎಂದ ನಿಂಗಯ್ಯ.

ಮೇಷ್ಟ್ರು ಇಡೀ ಶಾಲೆಗೆ ಕೇಳುವಂತೆ ಓದಿದರು:

"ಲಾಭ. ಲೆಕ್ಕ: ಮಕ್ಕಳು ನನಗಿಂತ ಚುರುಕು."